ಯುದ್ಧದ ಗಾಯ ಹೊತ್ತು ಬಂದ ಯೋಧರ ಪತ್ನಿಯರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಜಿ ಸೈನಿಕರ ಹೆಂಡತಿಯರು ಆಪ್ತಸಮಾಲೋಚನೆಗೆ ಬಂದಾಗ ಮೊದಲ ಅರ್ಧ ಗಂಟೆ ಗಂಡನ ವಿಷಯವೇ ನಡೆಯುತ್ತದೆ. ಅವರ ನಿದ್ದೆ, ಅವರ ಸಿಟ್ಟು, ಅವರ ಕುಡಿತ. "ನೀವು ಹೇಗಿದ್ದೀರಿ?" ಎಂದು ಕೇಳಿದರೆ "ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ" ಎನ್ನುತ್ತಾರೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿರುತ್ತದೆ. ಈ ಪ್ರಶ್ನೋತ್ತರ ಅವರಿಗಾಗಿ. ಗಂಡನ ಕಾಯಿಲೆಯ ಮಾತು ಬರಬೇಕಾದಲ್ಲಿ ಬರುತ್ತದೆ. ಆದರೆ ಇಲ್ಲಿ ಆರೈಕೆ ಬೇಕಾಗಿರುವುದು ನಿಮಗೆ.

ಯುದ್ಧ ಕಂಡವರು ಅವರು. ನನ್ನ ಎದೆ ಏಕೆ ಡವಗುಟ್ಟುತ್ತದೆ?

ಗೇಟಿನ ಹತ್ತಿರ ಬೈಕು ನಿಂತ ಸದ್ದಿನಲ್ಲೇ ಇಂದಿನ ಸಂಜೆ ಹೇಗಿರುತ್ತದೆಂದು ನಿಮಗೆ ತಿಳಿಯುತ್ತದೆ. ಚಪ್ಪಲಿ ಬಿಟ್ಟ ರೀತಿ, ತಟ್ಟೆ ಸರಿಸಿದ ರೀತಿ ಎಲ್ಲವನ್ನೂ ಅಳೆಯುತ್ತಿರುತ್ತೀರಿ. ವರ್ಷಗಟ್ಟಲೆ ಹೀಗೆ ಕಾವಲು ಕಾದ ಮೈಗೆ ಆರಾಮವಾಗಿರುವುದು ಮರೆತೇಹೋಗುತ್ತದೆ. ನಿದ್ದೆ ಕೆಡುತ್ತದೆ, ಮಕ್ಕಳ ಮೇಲೆ ಸಿಡುಕು ಬರುತ್ತದೆ, ಅವರು ಕಂಡ ದೃಶ್ಯ ನಿಮ್ಮ ಕನಸಿನಲ್ಲೂ ಬರಬಹುದು. ತಜ್ಞರು ಇದನ್ನು ದ್ವಿತೀಯಕ ಆಘಾತ ಎನ್ನುತ್ತಾರೆ.

ಇದು ನಿಮ್ಮೊಬ್ಬರ ಕಲ್ಪನೆಯಲ್ಲ. 1982ರ ಲೆಬನಾನ್ ಯುದ್ಧದಿಂದ ಮರಳಿದ ಇಸ್ರೇಲಿ ಸೈನಿಕರ ಹೆಂಡತಿಯರಲ್ಲಿ ಜಹಾವಾ ಸೊಲೊಮನ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಕ್ರೊಯೇಷಿಯಾದಲ್ಲಿ ಪಿಟಿಎಸ್‌ಡಿ (ಆಘಾತೋತ್ತರ ಒತ್ತಡದ ಕಾಯಿಲೆ) ಇದ್ದ ಯೋಧರ 56 ಪತ್ನಿಯರನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಒಂದೂ ಲಕ್ಷಣವಿಲ್ಲದವರು ಮೂವರು ಮಾತ್ರ. 22 ಮಂದಿಯಲ್ಲಿ ದ್ವಿತೀಯಕ ಆಘಾತದ ಎಲ್ಲ ಮಾನದಂಡಗಳೂ ಕಂಡವು. ಅದು ಚಿಕ್ಕ ಗುಂಪು. ಎಲ್ಲ ಸೈನಿಕರ ಮನೆಗಳಿಗೂ ಆ ಲೆಕ್ಕ ಹಚ್ಚಬಾರದು. ಜೊತೆಗೆ ಇನ್ನೊಂದು ಮಾತು: ನಿಮ್ಮದು ಆಘಾತವೇ ಆಗಿರಬೇಕೆಂದಿಲ್ಲ. ಖಿನ್ನತೆ ಇರಬಹುದು, ಆತಂಕದ ಕಾಯಿಲೆ ಇರಬಹುದು, ಥೈರಾಯ್ಡ್ ತೊಂದರೆಯೋ ರಕ್ತಹೀನತೆಯೋ ಇರಬಹುದು. ಚಿಕಿತ್ಸೆ ಬೇರೆಬೇರೆಯಾದ್ದರಿಂದ ಒಮ್ಮೆ ಸರಿಯಾಗಿ ತಪಾಸಣೆ ಮಾಡಿಸಿಕೊಳ್ಳಿ.

ನಮ್ಮವರು ಯುದ್ಧಕ್ಕೆ ಹೋಗಿರಲಿಲ್ಲ, ಕಾಶ್ಮೀರದಲ್ಲಿ ಡ್ಯೂಟಿ ಮಾಡಿದ್ದರು ಅಷ್ಟೆ. ಅದೂ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. 1987ರಿಂದ 1990ರವರೆಗೆ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾದಲ್ಲಿದ್ದವರು, 1999ರಲ್ಲಿ ಕಾರ್ಗಿಲ್ ಹತ್ತಿದವರು ಮಾತ್ರ ಯುದ್ಧ ಕಂಡವರಲ್ಲ. ಎಲ್ಲಿ ಕಾಲಿಟ್ಟರೆ ಸಿಡಿಯುತ್ತದೋ ತಿಳಿಯದ ದಾರಿಯಲ್ಲಿ ದಿನವೂ ಗಸ್ತು ತಿರುಗುವುದು, ಸಿಯಾಚಿನ್‌ನಲ್ಲಿ ಹಿಮದಡಿಯಿಂದ ಜೊತೆಗಾರನ ದೇಹ ತೆಗೆಯುವುದು, ಇವೂ ಮನಸ್ಸನ್ನು ಗಾಯಗೊಳಿಸುತ್ತವೆ. ಆದರೂ ಸೇನೆಯಿಂದ ಬಂದವರಲ್ಲಿ ಹೆಚ್ಚಿನವರಿಗೆ ಪಿಟಿಎಸ್‌ಡಿ ಬರುವುದಿಲ್ಲ. ಎಲ್ಲ ಸಿಟ್ಟನ್ನೂ ಪಿಟಿಎಸ್‌ಡಿ ಎಂದು ಕರೆಯುವುದೂ ತಪ್ಪು.

ಸೇವೆಯಲ್ಲಿದ್ದಾಗ ಸರಿಯಾಗಿದ್ದರು. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಶುರುವಾಯಿತು. ಹೀಗೂ ಆಗುತ್ತದೆಯೇ?

ಆಗುತ್ತದೆ. ಲಕ್ಷಣಗಳು ಪೂರ್ತಿ ಕಾಣಿಸಿಕೊಳ್ಳಲು ತಿಂಗಳುಗಳೂ ವರ್ಷಗಳೂ ಹಿಡಿಯಬಹುದು. ಯೂನಿಟ್ಟಿನಲ್ಲಿದ್ದಾಗ ಬೆಳಗಿನ ಪಿ.ಟಿ., ಜೊತೆಗಾರರು, ಹೊತ್ತುಹೊತ್ತಿಗೆ ಕೆಲಸ ಎಲ್ಲವೂ ಮನಸ್ಸಿಗೆ ಆಧಾರವಾಗಿರುತ್ತವೆ. ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಆ ಆಧಾರಗಳೆಲ್ಲ ಒಂದೇ ದಿನ ಕಳಚಿಬೀಳುತ್ತವೆ.

ನಿಮ್ಮ ಕಡೆಯಿಂದಲೂ ಇದನ್ನು ನೋಡಬೇಕು. ಹದಿನೇಳು ಹದಿನೆಂಟು ವರ್ಷ ಅವರು ರಜೆಗೆ ಬಂದು ಹೋಗುವವರಾಗಿದ್ದರು. ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ, ಬೋರ್‌ವೆಲ್ ಮೋಟಾರು ಎಲ್ಲವನ್ನೂ ನಡೆಸಿದವರು ನೀವು. ಈಗ ದಿನವಿಡೀ ಮನೆಯಲ್ಲಿರುವವರೊಬ್ಬರು ಬಂದು, ಹಾಸಿಗೆಯ ಮಡಿಕೆಯಿಂದ ಹಿಡಿದು ಮಗಳು ಮನೆಗೆ ಮರಳುವ ಸಮಯದವರೆಗೆ ಎಲ್ಲದಕ್ಕೂ ಬ್ಯಾರಕ್ಕಿನ ನಿಯಮ ಹೇಳುತ್ತಾರೆ. ಇದು ಕಾಯಿಲೆಯಲ್ಲ, ಮನೆಯ ಅಧಿಕಾರ ಕೈ ಬದಲಾಯಿಸುವಾಗಿನ ತಿಕ್ಕಾಟ. ಕಾಯಿಲೆಯೂ ಇದೂ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಒಳ್ಳೆಯ ಸಮಾಲೋಚಕರು ಮೊದಲು ಈ ಸಿಕ್ಕು ಬಿಡಿಸುತ್ತಾರೆ.

ಅವರು ಡಾಕ್ಟರ ಬಳಿಗೆ ಬರಲು ಒಪ್ಪುವುದೇ ಇಲ್ಲ. ಅವರಿಲ್ಲದೆ ನಾನೊಬ್ಬಳೇ ಹೋಗಿ ಏನು ಪ್ರಯೋಜನ?

ಇದಕ್ಕೆ ನನ್ನ ಉತ್ತರ ಒಂದೇ: ಅವರು ಬರದಿದ್ದರೂ ನೀವು ಹೋಗಿ. ಅವರು ಒಪ್ಪಲೆಂದು ಹತ್ತು ವರ್ಷ ಕಾದು, ಕೊನೆಗೆ ತಾವೇ ಹಾಸಿಗೆ ಹಿಡಿದ ಹೆಂಗಸರನ್ನು ಕಂಡಿದ್ದೇನೆ. ಮನೆಯಲ್ಲಿ ಇಬ್ಬರಿಗೆ ಜ್ವರ ಬಂದರೆ ಒಬ್ಬರು ಮಾತ್ರೆ ನುಂಗುವವರೆಗೆ ಇನ್ನೊಬ್ಬರು ಕಾಯುವುದಿಲ್ಲ.

ನಿಮ್ಮ ಖಿನ್ನತೆಗೆ ನಿಮ್ಮದೇ ಚಿಕಿತ್ಸೆ ಇದೆ, ಅದು ಅವರ ಸಹಿಗೆ ಕಾಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಡತಿಯ ನಿದ್ದೆ ಸರಿಹೋಗಿ, ಮಾತಿನ ಧಾಟಿ ಬದಲಾದ ಮೇಲೆ ಗಂಡನೂ "ಏನು ಹೇಳುತ್ತಾರೆ ಅಲ್ಲಿ?" ಎಂದು ಕೇಳುವುದುಂಟು. ಕೇಳದಿದ್ದರೂ ನಿಮ್ಮ ಚೇತರಿಕೆ ವ್ಯರ್ಥವಲ್ಲ. ಅದು ಅವರನ್ನು ಕರೆತರುವ ಉಪಾಯವೂ ಅಲ್ಲ.

ಹೋದರೆ ಅಲ್ಲಿ ಏನು ಮಾಡುತ್ತಾರೆ? ಬರೀ ಮಾತೇ?

ಮಾತು ಹೌದು, ಆದರೆ ಕ್ರಮವಿರುವ ಮಾತು. ಹೆಚ್ಚು ಬಳಕೆಯಲ್ಲಿರುವುದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಹಿಡಿದು ನಡೆಸುವ ಚಿಕಿತ್ಸೆ. "ಅವರ ಸಿಟ್ಟಿಗೆ ನಾನೇ ಕಾರಣ" ಎಂದು ನೀವು ನಂಬಿದ್ದೀರಿ ಎನ್ನಿ. ಸಮಾಲೋಚಕರು "ಹಾಗೆ ಯೋಚಿಸಬೇಡಿ" ಎನ್ನುವುದಿಲ್ಲ. ಎರಡು ವಾರ ಬರೆದಿಡಲು ಹೇಳುತ್ತಾರೆ: ಯಾವ ದಿನ ಸಿಟ್ಟು ಬಂತು, ಹಿಂದಿನ ರಾತ್ರಿ ನಿದ್ದೆ ಎಷ್ಟು, ಟಿ.ವಿ.ಯಲ್ಲಿ ಏನಿತ್ತು, ನೀವು ಏನು ಮಾಡಿದ್ದಿರಿ. ಸಾರಿಗೆ ಉಪ್ಪು ಹೆಚ್ಚಾದ ದಿನಗಳಿಗಿಂತ ನಿದ್ದೆಯಿಲ್ಲದ ರಾತ್ರಿಗಳ ಮರುದಿನವೇ ಸಿಟ್ಟು ಹೆಚ್ಚೆಂದು ನಿಮ್ಮ ಕೈಬರಹವೇ ತೋರಿಸಿದರೆ, ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯುತ್ತದೆ.

ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮರಳಿ ಹಿಡಿಯುವ ಚಿಕಿತ್ಸೆ ಇನ್ನೊಂದು. ಭಜನಾ ಮಂಡಳಿ, ಹೊಲಿಗೆ, ಬೆಳಗಿನ ನಡಿಗೆ, ಅಕ್ಕನಿಗೆ ಫೋನು. ಕೇಳಲು ಸಣ್ಣದು. ಆದರೆ ನಮ್ಮ ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ತರಬೇತಿ ಪಡೆದ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ಇದನ್ನೇ ನಡೆಸಿ, ತೀವ್ರ ಖಿನ್ನತೆಯವರಲ್ಲೂ ಗುಣ ಕಂಡರು. ಆ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನೀವೇ ಹೊಡೆತ ತಿಂದಿದ್ದರೆ, ಅವರ ಆತ್ಮಹತ್ಯೆಯ ಯತ್ನವನ್ನು ಕಣ್ಣಾರೆ ಕಂಡಿದ್ದರೆ, ಆ ನೆನಪನ್ನೇ ಗುರಿಯಾಗಿಟ್ಟುಕೊಂಡ, ಮಾನಸಿಕ ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಬೇಕಾಗಬಹುದು. ಅದಕ್ಕೆ ವಿಶೇಷ ತರಬೇತಿ ಇದ್ದವರೇ ಬೇಕು.

ಗುಂಪು ಚಿಕಿತ್ಸೆಯೂ ಇದೆ. ಕ್ರೊಯೇಷಿಯಾದಲ್ಲಿ ಯೋಧರ ಪತ್ನಿಯರಿಗೆಂದೇ ಇಂಥ ಗುಂಪುಗಳನ್ನು ನಡೆಸಿದ್ದಾರೆ. 1980ರಿಂದ 1988ರವರೆಗಿನ ಇರಾಕ್ ಯುದ್ಧದಲ್ಲಿ ಗಾಯಗೊಂಡವರನ್ನು ಇರಾನಿನಲ್ಲಿ ಜಾನ್‌ಬಾಜ್ ಎನ್ನುತ್ತಾರೆ. ಅವರ ಪತ್ನಿಯರಿಗಾಗಿ ಗುಂಪು ಚಿಕಿತ್ಸೆಯ ಹಲವು ಬಗೆಗಳನ್ನು ಅಲ್ಲಿ ಪರೀಕ್ಷಿಸಿದ್ದಾರೆ. "ನಮ್ಮ ಮನೆಯಲ್ಲೂ ಹೀಗೆಯೇ" ಎಂದು ಇನ್ನೊಬ್ಬ ಹೆಂಗಸಿನ ಬಾಯಲ್ಲಿ ಕೇಳಿದಾಗ ಆಗುವ ಹಗುರ ಯಾವ ಡಾಕ್ಟರೂ ಕೊಡಲಾಗದ್ದು.

ಗಂಡ ಎದುರಿಗೇ ಇದ್ದಾರೆ. ಆದರೂ ಯಾರನ್ನೋ ಕಳೆದುಕೊಂಡ ಹಾಗೆ ದುಃಖವಾಗುತ್ತದೆ. ಇದು ತಪ್ಪಲ್ಲವೇ?

ತಪ್ಪಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಕುಟುಂಬಗಳ ಜೊತೆ ಕೆಲಸ ಮಾಡಿದ ಪಾಲಿನ್ ಬಾಸ್ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲಿ ಈ ದುಃಖಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ಅಸ್ಪಷ್ಟ ಅಗಲಿಕೆ ಎನ್ನಬಹುದು. ಮೈ ಕಾಣೆಯಾಗಿ ಮನಸ್ಸಿನಲ್ಲಿ ಉಳಿದವರು ಒಂದು ಬಗೆ. ಮೈ ಇಲ್ಲೇ ಇದ್ದು ಮನಸ್ಸು ಕಾಣೆಯಾದವರು ಇನ್ನೊಂದು ಬಗೆ. ರಜೆಗೆ ಬಂದಾಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದ ಮನುಷ್ಯ ಈಗ ಜಗಲಿಯಲ್ಲಿ ಕುಳಿತು ಗೋಡೆ ನೋಡುತ್ತಾರೆ. ಸತ್ತವರಿಗಾದರೆ ಹನ್ನೊಂದನೆಯ ದಿನದ ಕಾರ್ಯವಿದೆ, ಬಂದು ಕೈಹಿಡಿದು ಕೂರುವ ಬಂಧುಗಳಿದ್ದಾರೆ. ಈ ಅಗಲಿಕೆಗೆ ತಿಥಿಯೂ ಇಲ್ಲ, ಸಾಂತ್ವನ ಹೇಳುವವರೂ ಇಲ್ಲ. "ಮುತ್ತೈದೆ, ಅದೃಷ್ಟವಂತೆ" ಎನ್ನುತ್ತಾರೆ. ಚಿಕಿತ್ಸೆಯ ಕೋಣೆಯಲ್ಲಿ ಈ ದುಃಖಕ್ಕೆ ಜಾಗವಿದೆ. ಹೋದದ್ದಕ್ಕೆ ಅತ್ತು, ಉಳಿದ ಮನುಷ್ಯನ ಜೊತೆ ಹೇಗಿರಬಹುದೆಂದು ನೋಡುವುದು ಅಲ್ಲಿಯ ಕೆಲಸ.

"ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ಎಲ್ಲರೂ ಹೇಳುತ್ತಾರೆ. ಹೊಂದಿಕೊಂಡೇ ಇದ್ದೇನಲ್ಲ?

ಅತಿಯಾಗಿ ಹೊಂದಿಕೊಂಡಿದ್ದೀರಿ, ತೊಂದರೆಯ ಒಂದು ಭಾಗ ಅಲ್ಲೇ ಇರಬಹುದು. ಇದನ್ನು ದೂಷಿಸಲು ಹೇಳುತ್ತಿಲ್ಲ. ಪ್ರೀತಿಯಿಂದ ಮಾಡಿದ್ದೇ ಹೀಗಾಗುತ್ತದೆ.

ದೀಪಾವಳಿಯಿಂದ ನೋಡೋಣ. ಮೊದಲ ವರ್ಷ ಪಟಾಕಿ ಸದ್ದಿಗೆ ಅವರು ಬೆವರಿ ನಡುಗಿದರು, ನೀವು ಕಿಟಕಿ ಮುಚ್ಚಿದಿರಿ. ಮರುವರ್ಷ ಹಬ್ಬಕ್ಕೆ ತವರಿಗೆ ಹೋಗಲಿಲ್ಲ. ಆಮೇಲೆ ಜಾತ್ರೆ ಬಿಟ್ಟಿರಿ, ಮದುವೆಮನೆ ಬಿಟ್ಟಿರಿ. ಮನೆಗೆ ಯಾರನ್ನೂ ಕರೆಯಬೇಡ ಎಂದರು, ಕರೆಯಲಿಲ್ಲ. ಮಕ್ಕಳಿಗೆ ಪಿಸುಮಾತಿನಲ್ಲಿ ಆಡುವುದು ಕಲಿಸಿದಿರಿ. ಒಂದೊಂದು ಸಲವೂ ಅಂದಿನ ದಿನ ಶಾಂತವಾಗಿ ಕಳೆಯಿತು. ಆದರೆ ಸದ್ದು ಕೇಳಿದರೂ ಏನೂ ಆಗುವುದಿಲ್ಲ ಎಂದು ಕಲಿಯುವ ಅವಕಾಶ ಅವರ ಮನಸ್ಸಿಗೆ ಸಿಗಲೇ ಇಲ್ಲ. ಭಯದ ಬೇಲಿ ಪ್ರತಿ ವರ್ಷ ಒಂದು ಗಜ ಒಳಗೆ ಬಂತು, ಅದರೊಳಗೆ ನೀವೂ ಸೇರಿಕೊಂಡಿರಿ. ಅಮೆರಿಕದಲ್ಲಿ ಸ್ಟೆಫನಿ ಫ್ರೆಡ್‌ಮನ್ ಮತ್ತು ಸಂಗಡಿಗರು ಸಂಗಾತಿಗಳ ಈ ಹೊಂದಾಣಿಕೆಯನ್ನು ಅಳೆಯಲೆಂದೇ ಒಂದು ಪ್ರಶ್ನಾವಳಿ ರೂಪಿಸಿದ್ದಾರೆ. ಹೊಂದಾಣಿಕೆ ಹೆಚ್ಚಿದ ಕಡೆ ಕಾಯಿಲೆಯ ಲಕ್ಷಣಗಳೂ ಸಂಗಾತಿಯ ಸಂಕಟವೂ ಹೆಚ್ಚಾಗಿಯೇ ಕಂಡವು.

ಹಾಗೆಂದು ನಾಳೆಯೇ ಮನೆಯಂಗಳದಲ್ಲಿ ಪಟಾಕಿ ಹಚ್ಚಬೇಕಿಲ್ಲ, ದಯವಿಟ್ಟು ಹಚ್ಚಬೇಡಿ. ಸಮಾಲೋಚಕರ ಜೊತೆ ಕುಳಿತು ನೀವು ಏನೇನು ಬಿಟ್ಟುಕೊಟ್ಟಿದ್ದೀರೆಂದು ಪಟ್ಟಿ ಮಾಡಿ. ಅದರಲ್ಲಿ ಅತಿ ಸಣ್ಣದನ್ನು ಆರಿಸಿಕೊಳ್ಳಿ. ಅವರು ಶಾಂತವಾಗಿರುವ ಹೊತ್ತಿನಲ್ಲಿ ಮುಂಚಿತವಾಗಿ ಹೇಳಿ: "ಮುಂದಿನ ಭಾನುವಾರ ತಂಗಿಯ ಮಗುವಿನ ನಾಮಕರಣ. ನೀವೂ ಬಂದರೆ ನನಗೆ ಸಂತೋಷ. ಆಗದಿದ್ದರೆ ಅನ್ನ, ಸಾರು ಮಾಡಿಟ್ಟು ಹೋಗುತ್ತೇನೆ, ಆರು ಗಂಟೆಗೆ ಬಂದುಬಿಡುತ್ತೇನೆ." ಹೇಳಿದ ಆರು ಗಂಟೆಗೇ ಬನ್ನಿ. ಮೊದಲ ಸಲ ಮುಖ ಊದಿಸಿಕೊಂಡಿರಬಹುದು. ಮೂರನೆಯ ಸಲಕ್ಕೆ ಇಬ್ಬರಿಗೂ ಅದು ಅಭ್ಯಾಸವಾಗುತ್ತದೆ. ಕೈ ಎತ್ತುವ ಗಂಡನಾದರೆ ಮಾತ್ರ ಇದನ್ನು ಒಬ್ಬರೇ ಶುರುಮಾಡಬೇಡಿ.

ಇಬ್ಬರೂ ಸೇರಿ ಪಡೆಯುವ ಚಿಕಿತ್ಸೆ ಇದೆಯೇ?

ಇದೆ. ಕ್ಯಾಂಡಿಸ್ ಮಾನ್ಸನ್ ಮತ್ತು ಸಂಗಡಿಗರು ರೂಪಿಸಿದ ದಂಪತಿ ಸಿಬಿಟಿ 15 ಭೇಟಿಗಳದ್ದು. ಮೊದಲು ಕಾಯಿಲೆಯ ತಿಳಿವಳಿಕೆ ಮತ್ತು ಸಿಟ್ಟಿನ ನಿರ್ವಹಣೆ, ಆಮೇಲೆ ಮಾತುಕತೆಯ ಅಭ್ಯಾಸ ಮತ್ತು ಬಿಟ್ಟ ಜಾಗಗಳಿಗೆ ಜೊತೆಯಾಗಿ ಮರಳುವುದು, ಕೊನೆಗೆ ಆ ಘಟನೆಯ ಕುರಿತ ನಂಬಿಕೆಗಳ ಪರಿಶೀಲನೆ. 40 ಜೋಡಿಗಳಲ್ಲಿ ನಡೆಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಕಾಯಿಲೆಯ ಲಕ್ಷಣಗಳು ತಗ್ಗಿದವು, ದಾಂಪತ್ಯವೂ ಸುಧಾರಿಸಿತು. ಆ ಜೋಡಿಗಳೆಲ್ಲ ಸೈನಿಕರದ್ದಲ್ಲ.

ಕುಟುಂಬವನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವುದು ನಮಗೆ ಹೊಸದೂ ಅಲ್ಲ. 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ರೋಗಿಗಳ ಮನೆಯವರಿಗೆ ಡೇರೆ ಹಾಕಿಸಿ ಜೊತೆಗಿರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ.

ಹತ್ತಿರ ಬರುವುದೇ ಇಲ್ಲ, ಮುಟ್ಟುವುದೂ ಇಲ್ಲ. ನನ್ನ ಮೇಲೆ ಮನಸ್ಸಿಲ್ಲವೇ?

ಭಾವನೆಗಳು ಮರಗಟ್ಟುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದು. ಸಿಟ್ಟಿಗಿಂತಲೂ ಇದೇ ಹೆಂಡತಿಯರನ್ನು ಹೆಚ್ಚು ನೋಯಿಸುತ್ತದೆ ಎಂಬುದು ನನ್ನ ಅನುಭವ. ಕೆಲವು ಔಷಧಗಳಿಂದಲೂ ಕುಡಿತದಿಂದಲೂ ಆಸಕ್ತಿ ತಗ್ಗುತ್ತದೆ. ಸಮಾಲೋಚಕರ ಬಳಿ ನಾಚಿಕೆಪಡದೆ ಹೇಳಿ. ಮಹಿಳಾ ಸಮಾಲೋಚಕರೇ ಬೇಕೆಂದರೆ ಅದನ್ನೂ ಕೇಳಿ. ನಿಮಗೆ ಮನಸ್ಸಿಲ್ಲದಾಗ ಬಲವಂತ ಮಾಡುತ್ತಿದ್ದರೆ ಅದು ಬೇರೆಯೇ ವಿಷಯ, ಅದನ್ನಂತೂ ಮುಚ್ಚಿಡಬೇಡಿ.

ಕುಡಿತ ಬಿಡಿಸುವುದು ಹೇಗೆ?

ಸೇನಾ ಕ್ಯಾಂಟೀನಿನಿಂದ ತಂದ ಮದ್ಯದ ಬಾಟಲಿಯನ್ನು ಬಚ್ಚಿಟ್ಟು, ಅತ್ತು, ದೇವರ ಮೇಲೆ ಆಣೆ ಹಾಕಿಸಿ ಸೋತಿರುತ್ತೀರಿ. ಚಿಕಿತ್ಸೆಗೆ ಒಲ್ಲೆನೆನ್ನುವವರ ಮನೆಯವರಿಗೇ ತರಬೇತಿ ಕೊಡುವ ಕ್ರಾಫ್ಟ್ ಎಂಬ ಪದ್ಧತಿ ಅಮೆರಿಕದಲ್ಲಿ ಬೆಳೆದಿದೆ. ಕುಡಿಯದ ಸಂಜೆ ಜೊತೆಗೆ ಕೂತು ಕಾಫಿ ಕುಡಿದು ಮಾತಾಡುವುದು, ಕುಡಿದು ಬಂದ ಸಂಜೆ ಜಗಳವಾಡದೆ ದೂರ ಸರಿಯುವುದು, ಅವರೇ ಬೇಸತ್ತು "ಸಾಕಾಯಿತು" ಎಂದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು, ಎಲ್ಲಕ್ಕಿಂತ ಮೊದಲು ನಿಮ್ಮ ಬದುಕನ್ನು ನೇರ್ಪಡಿಸಿಕೊಳ್ಳುವುದು. 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೀಗೆ ಕಲಿತ ಕುಟುಂಬಗಳ ಪೈಕಿ ಶೇ 64ರಷ್ಟು ಮಂದಿ ತಮ್ಮವರನ್ನು ಚಿಕಿತ್ಸೆಗೆ ಒಪ್ಪಿಸಿದರು. ಎಲ್ಲರೂ ಸೇರಿ ಎದುರು ನಿಲ್ಲಿಸಿ ಒತ್ತಾಯಿಸುವ ವಿಧಾನದಲ್ಲಿ ಶೇ 30ರಷ್ಟು ಮಾತ್ರ. ಪಿಟಿಎಸ್‌ಡಿ ಇರುವ ಯೋಧರ ಮನೆಯವರಿಗೆಂದು ಅಮೆರಿಕದ ಮಾಜಿ ಸೈನಿಕರ ಇಲಾಖೆ ಇದನ್ನೇ ಹೊಂದಿಸಿಕೊಂಡಿದೆ. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ವೈದ್ಯರ ಸಲಹೆಯಿಲ್ಲದೆ ಬಿಡಿಸಲು ಹೋಗಬೇಡಿ.

ಹೊಡೆಯುತ್ತಾರೆ. ಕಾಯಿಲೆಯಿಂದ ಅಲ್ಲವೇ, ಸಹಿಸಿಕೊಳ್ಳಬೇಕಲ್ಲವೇ?

ಸಹಿಸಿಕೊಳ್ಳಬೇಕಾಗಿಲ್ಲ. ಪಿಟಿಎಸ್‌ಡಿ ಇರುವ ಎಷ್ಟೋ ಮಂದಿ ಹೆಂಡತಿಯ ಮೇಲೆ ಒಮ್ಮೆಯೂ ಕೈ ಎತ್ತಿಲ್ಲ. ಕಾಯಿಲೆ ಸಿಟ್ಟನ್ನು ವಿವರಿಸಬಹುದು, ಏಟನ್ನು ಒಪ್ಪಿತ ಮಾಡುವುದಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಇಲ್ಲಿ ಸಲ್ಲದು. ಏಟು ಇರುವ ಕಡೆ ದಂಪತಿ ಚಿಕಿತ್ಸೆಯೂ ಸುರಕ್ಷಿತವಲ್ಲ, ಒಳಗೆ ಆಡಿದ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳಬಹುದು. ಮೊದಲು ನಿಮ್ಮ ಸುರಕ್ಷತೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಗಂಡನ ಮನೆಯಲ್ಲೇ ವಾಸಿಸುವ ಹಕ್ಕೂ ರಕ್ಷಣೆಯ ಆದೇಶವೂ ಸಿಗುತ್ತವೆ.

ಮನೆಯಲ್ಲಿ ಬಂದೂಕಿದೆ. "ಬದುಕಿ ಏನು ಪ್ರಯೋಜನ" ಎನ್ನುತ್ತಾರೆ.

ಬೇರೆಲ್ಲ ಬಿಟ್ಟು ಮೊದಲು ಆ ಬಂದೂಕು ಅವರ ಕೈಗೆ ಸಿಗದಂತೆ ಮಾಡಿ. ಕೊಡಗಿನಲ್ಲಿ ಕೋವಿ ಮನೆತನದ ವಸ್ತು, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವಂಥದ್ದು. ಬೇರೆ ಕಡೆಯೂ ಬ್ಯಾಂಕಿನ ಕಾವಲು ಕೆಲಸಕ್ಕೆಂದು ಲೈಸೆನ್ಸ್ ಪಡೆದ ಮಾಜಿ ಸೈನಿಕರಿದ್ದಾರೆ. ಕೋವಿಯನ್ನು ಮನೆಯಿಂದಾಚೆ ಇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಹೇಗೆಂದು ಪೊಲೀಸ್ ಠಾಣೆಯಲ್ಲಿ ಕೇಳಿ, ಕುಟುಂಬದ ಹಿರಿಯರೊಬ್ಬರ ಸಹಾಯ ಪಡೆಯಿರಿ. ಅದು ಆಗುವವರೆಗೆ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಬೀಗದ ಕೈ ಮತ್ತೊಬ್ಬರ ಹತ್ತಿರ ಇರಲಿ. ತೋಟದ ಕೀಟನಾಶಕಕ್ಕೂ ಬೀಗ ಹಾಕಿ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಯೋಚನೆ ನಿಮಗೇ ಬರುತ್ತಿದ್ದರೂ ಇದೇ ಮಾತು.

ರಾತ್ರಿ ಕಿರುಚಿ ಏಳುತ್ತಾರೆ. ಆಗ ಏನು ಮಾಡಲಿ?

ಮೈ ಹಿಡಿದು ಅಲುಗಾಡಿಸಬೇಡಿ. ನಿದ್ದೆಗಣ್ಣಿನಲ್ಲಿ ಶತ್ರುವೆಂದು ತಿಳಿದು ಹೆಂಡತಿಯ ಕುತ್ತಿಗೆಗೆ ಕೈ ಹಾಕಿದ್ದುಂಟು. ಎರಡು ಹೆಜ್ಜೆ ದೂರ ನಿಂತು, ದೀಪ ಹಾಕಿ, "ರೀ, ನಾನು. ನಮ್ಮ ಮನೆಯಲ್ಲಿದ್ದೀರಿ" ಎಂದು ಮೆಲ್ಲಗೆ, ಮತ್ತೆ ಮತ್ತೆ ಹೇಳಿ. ವಾರಕ್ಕೆ ಕೆಲವು ರಾತ್ರಿ ನೀವು ಬೇರೆ ಕೋಣೆಯಲ್ಲಿ ಮಲಗುವುದು ಪಾಪವಲ್ಲ.

ಯುದ್ಧದಲ್ಲಿ ಏನಾಯಿತೆಂದು ಕೇಳಬೇಕೇ?

ಕೆದಕಬೇಡಿ. ಹೇಳಲು ಬಂದರೆ ಕೇಳಿಸಿಕೊಳ್ಳಿ. ನಿಮಗೆ ತಡೆಯಲಾಗದ ವಿವರ ಬಂದಾಗ "ಇದನ್ನು ಡಾಕ್ಟರ ಹತ್ತಿರ ಹೇಳಿದರೆ ಒಳ್ಳೆಯದು, ನಾನು ಜೊತೆಗೆ ಬರುತ್ತೇನೆ" ಎನ್ನಬಹುದು.

ನನಗೆ ಮಾತ್ರೆ ಬೇಕಾಗುತ್ತದೆಯೇ? ಅವರ ನಿದ್ದೆ ಮಾತ್ರೆಯಲ್ಲೇ ಅರ್ಧ ನುಂಗುತ್ತಿದ್ದೇನೆ.

ಅದನ್ನು ಮುಂದುವರಿಸಬೇಡಿ. ಎಷ್ಟು ದಿನದಿಂದ ನುಂಗುತ್ತಿದ್ದೀರೆಂದು ವೈದ್ಯರಿಗೆ ಹೇಳಿ, ಕೆಲವನ್ನು ನಿಧಾನವಾಗಿಯೇ ಇಳಿಸಬೇಕಾಗುತ್ತದೆ. ಖಿನ್ನತೆ ತೀವ್ರವಾಗಿದ್ದರೆ ಔಷಧದಿಂದ ಉಪಯೋಗವಿದೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು.

ಊರಿನಲ್ಲಿ ತಿಳಿದರೆ? ಪಿಂಚಣಿಗೆ ತೊಂದರೆಯಾದರೆ?

ನೀವು ಚಿಕಿತ್ಸೆ ಪಡೆದರೆ ಅವರ ಪಿಂಚಣಿಗೆ ಏನೂ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿಷಯವನ್ನು ಗೋಪ್ಯವಾಗಿಡುವುದು ಆಸ್ಪತ್ರೆಯವರ ಹೊಣೆ. "ಗಾಳಿ ಸೋಕಿದೆ, ತಾಯತ ಕಟ್ಟಿಸು" ಎನ್ನುವ ಹಿರಿಯರ ಜೊತೆ ವಾದಕ್ಕಿಳಿಯಬೇಡಿ. ತಾಯತವೂ ಇರಲಿ, ಚಿಕಿತ್ಸೆಯೂ ನಡೆಯಲಿ.

ಎಲ್ಲಿಗೆ ಹೋಗಬೇಕು?

ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡಿದ್ದರೆ ಅದರಲ್ಲಿ ಪತ್ನಿಯೂ ಫಲಾನುಭವಿ. ಮಡಿಕೇರಿ, ಮೈಸೂರು, ಮಂಗಳೂರು, ಬೆಳಗಾವಿಯಂಥ ಕಡೆ ಇರುವ ಪಾಲಿಕ್ಲಿನಿಕ್ಕಿನಲ್ಲಿ ತೋರಿಸಿ, ಮನೋವೈದ್ಯರಿಗೆ ಶಿಫಾರಸು ಪತ್ರ ಕೇಳಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೂ ಹೋಗಬಹುದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡ ಕೇಂದ್ರಗಳು. ಮನೆಯಿಂದ ಹೊರಡಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಸೇನೆಯವರಿಗೂ ಅವರ ಕುಟುಂಬಗಳಿಗೂ ಮೀಸಲಾದ ಘಟಕವೊಂದು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿದೆ.

ಅವರನ್ನು ಬಿಟ್ಟುಹೋಗಬೇಕೆನಿಸುತ್ತದೆ. ದೇಶಕ್ಕಾಗಿ ದುಡಿದವರನ್ನು ಬಿಡುವುದು ಪಾಪವಲ್ಲವೇ?

ಬಹಳ ಮಂದಿಗೆ ಹಾಗನ್ನಿಸುತ್ತದೆ. ಹೇಳಿಕೊಳ್ಳಲು ಜಾಗವಿಲ್ಲದೆ ಒಳಗೇ ಕೊಳೆಯುತ್ತದೆ. ಇರುವುದೋ ಬಿಡುವುದೋ ಎಂದು ಸಮಾಲೋಚಕರು ಹೇಳಬಾರದು, ನಾನೂ ಹೇಳುವುದಿಲ್ಲ. ಮೂರು ತಿಂಗಳು ನಿದ್ದೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಖಿನ್ನತೆಗೆ ಚಿಕಿತ್ಸೆ ಪಡೆದು ಆಮೇಲೆ ಆ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಿ. ಏಟು ಬೀಳುತ್ತಿದ್ದರೆ ಮಾತ್ರ ಆ ಮೂರು ತಿಂಗಳನ್ನು ಬೇರೆ ಸುರಕ್ಷಿತ ಜಾಗದಲ್ಲಿದ್ದು ಕಳೆಯಿರಿ.

ಫೋನ್ ಮಾಡಿದಾಗ ಏನೆಂದು ಶುರುಮಾಡಲಿ? ಮಾತೇ ಹೊರಡುವುದಿಲ್ಲ.

ಇದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೂ ಸಾಕು: "ನಮ್ಮ ಮನೆಯವರು ಸೇನೆಯಲ್ಲಿದ್ದವರು. ಅವರಿಗೆ ರಾತ್ರಿ ನಿದ್ದೆಯಿಲ್ಲ. ಆದರೆ ನಾನು ಫೋನ್ ಮಾಡಿದ್ದು ನನಗಾಗಿ."